ಕನಕರಾಜ ಬಗ್ಗಿಸಿದ ಕಟ್ಟಿಗೆ

ಯಾರಾದರೂ ತನ್ನನ್ನು ಎತ್ತಿಕೊಂಡರೆ ಮುಂಡರಗಿಯ ಕನಕರಾಜನಿಗೆ ಮೈಯೆಲ್ಲ ಉರಿಯುತ್ತಿತ್ತು. ಕೂಸಿದ್ದಾಗ ಪೋಲಿಯೋ ಆಗಿ ಕಾಲೆರಡೂ ಸೋತಿದ್ದವು. ಬಸ್ಸಿಗೆ ಎತ್ತುವವರು, ಮದುವೆಯ ಪಂಕ್ತಿಗೆ ಎತ್ತುವವರು, ಎಲ್ಲರೂ ಒಳ್ಳೆಯವರೇ. ಆದರೂ ನಲವತ್ತು ದಾಟಿದ, ಹೆಂಡತಿ ಇರುವ, ಪಂಕ್ಚರ್ ಅಂಗಡಿಯ ಯಜಮಾನನನ್ನು ಜೋಳದ ಚೀಲದಂತೆ ಎತ್ತಿ ಇಳಿಸಿದರೆ ಅವನಿಗೆ ಹೇಗನಿಸಬೇಡ! ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ ಹೊಡೆದು ಹೊಡೆದು ಅವನ ತೋಳು ಮಾತ್ರ ಪೈಲವಾನನ ತೋಳಾಗಿದ್ದವು.

ಆ ತೋಳಿಗೆ ತಕ್ಕ ಸವಾರಿ ಮೊಬೈಲಿನಲ್ಲಿ ಕಣ್ಣಿಗೆ ಬಿತ್ತು. ಒಬ್ಬರೇ ಕಾಲು ಚಾಚಿ ಕೂತು ಹುಟ್ಟು ಹಾಕುವ ಉದ್ದನೆಯ ದೋಣಿ, ಕಯಾಕ್. ಬಾವಿಯಲ್ಲಿ ಈಜು ಕಲಿತವನಿಗೆ ನೀರಿನ ಹೆದರಿಕೆ ಇರಲಿಲ್ಲ. ಬಿದಿರಿನ ಚೌಕಟ್ಟು ಕಟ್ಟಿ ತಾಡಪತ್ರಿ ಹೊದಿಸಿದ. ಅಂಗಡಿ ಮುಂದೆ ಹಾದವರೆಲ್ಲ, "ಮುಂಡರಗಿಗೆ ಸಮುದ್ರ ಯಾವಾಗ ಬಂತಲೇ ಕನಕಾ?" ಎಂದು ನಕ್ಕರು. ಊರ ಬಾಯಿ ಮುಚ್ಚಲು ಯಾವ ಪ್ಯಾಚೂ ಸಾಲದು.

ಉಳಿದದ್ದು ಕೂರುವ ಕಿಂಡಿಯ ಸುತ್ತಲಿನ ಕಟ್ಟಿಗೆಯ ಬಳೆ. ಉಳಿದವರಾದರೆ ಕಾಲಿಟ್ಟು ಹತ್ತುತ್ತಾರೆ. ಇವನು ಆ ಬಳೆಯ ಮೇಲೆ ಅಂಗೈ ಊರಿ, ಇಡೀ ಮೈ ಎತ್ತಿ ಒಳಗಿಳಿಯಬೇಕು, ಹಾಗೆಯೇ ಹೊರಬರಬೇಕು. ಅದು ತಡೆಯದಿದ್ದರೆ ಮತ್ತೆ ಯಾರದೋ ಕಂಕುಳೇ ಗತಿ.

ಸಾಗವಾನಿಗಿಂತ ಗಟ್ಟಿ ಯಾವುದಿದೆ ಎಂದು ಹಳೆಯ ಬಾಗಿಲ ಹಲಗೆಯನ್ನೇ ಬಳೆಯಾಕಾರಕ್ಕೆ ಕೊರೆದ. ಮೈಭಾರ ಹಾಕಿದ್ದೇ ತಡ, ಎಳೆಗುಂಟ ಲಟ್ಟೆಂದು ಸೀಳಿತು. ಕನಕರಾಜ ಮಗುಚಿ ಬಿದ್ದ. ಹೆಂಡತಿ ಸಾವಕ್ಕನ ತಮ್ಮ ಕಳಕಪ್ಪ ಓಡಿಬಂದು ಎತ್ತಿಕೊಂಡ. ಅವತ್ತು ಕನಕರಾಜ ಊಟಕ್ಕೆ ಕೂರಲಿಲ್ಲ.

"ಜಾಲಿ ಕಟ್ಟಿಗಿ ತೆಳ್ಳಗ ಸೀಳಿಸಿ ಬಗ್ಗಸ್ತೇನಿ," ಎಂದ ಮರುದಿನ.

"ಗಿಡ ಆಗಿ ಬಗ್ಗದ್ದು ಮರ ಆಗಿ ಬಗ್ಗೀತೇನ್ರಿ ಮಾಮಾ?" ಎಂದ ಕಳಕಪ್ಪ.

"ಕಡಬಿನಂಗ ಹಬಿ ಕೊಟ್ರ ಅದರಪ್ಪನೂ ಬಗ್ಗತೈತಿ. ಸಾವೀ, ಹಂಡೆ ಒಲಿ ಮ್ಯಾಲ ಇಡು!"

ಹಬೆಯಲ್ಲಿ ಬೆಂದ ಪಟ್ಟಿಗಳು ಮೆತ್ತಗಾದವು. ನೆಲಕ್ಕೆ ಬಡಿದ ಗೂಟಗಳ ಸುತ್ತ ಬಗ್ಗಿಸಿ ಒಣಗಿಸಿದ. ಆಮೇಲೆ ಅಂಟು ಹಚ್ಚಿ ಒಂದರ ಮೇಲೊಂದು ಕೂಡಿಸಿದ. ಬಿಗಿಹಿಡಿಯಲು ಬಡಗಿಯ ಸಾಮಾನು ಯಾಕೆ? ಅಂಗಡಿ ತುಂಬ ಹಳೆಯ ಟ್ಯೂಬುಗಳಿದ್ದವು. ಉದ್ದಕ್ಕೆ ಕೊಯ್ದು, ಹಲ್ಲುಕಚ್ಚಿ ಎಳೆದೆಳೆದು ಸುತ್ತಿದ. ಬಿಚ್ಚಿದಾಗ ಪಟ್ಟಿಗಳೆಲ್ಲ ಒಂದೇ ಕಟ್ಟಿಗೆಯಾಗಿದ್ದವು. ಆ ಬಳೆಯನ್ನು ದೋಣಿಯ ಕಿಂಡಿಗೆ ಕೂಡಿಸಿದ.

ದೋಣಿಯನ್ನು ಹಮ್ಮಿಗಿ ಊರ ಹತ್ತಿರದ ಹೊಳೆಗೆ ಒಯ್ದರು. ದಂಡೆಯಲ್ಲಿ ಕಳಕಪ್ಪ ರೂಢಿಯಂತೆ ಅವನನ್ನು ಎತ್ತಲು ಬಾಗಿದ.

"ಕೈ ಹಚ್ಚಿದ್ರ ನೋಡಲೇ!" ಎಂದು ಗದರಿದ ಕನಕರಾಜ.

ದೋಣಿಯ ಪಕ್ಕಕ್ಕೆ ಸರಿದು ಬಳೆಯ ಮೇಲೆ ಅಂಗೈ ಊರಿದ. ಅದು ಕಿರ್ ಎಂದಿತು. ಸಾವಕ್ಕ ಕಣ್ಣು ಮುಚ್ಚಿಕೊಂಡಳು. ತೋಳು ಬಿಗಿದವು, ಮೈ ಮೇಲೆದ್ದಿತು, ಕಾಲೆರಡೂ ಒಳಗೆ ಜಾರಿದವು. ಬಳೆ ಜಗ್ಗಲಿಲ್ಲ.

ದಂಡೆಗೆ ಹುಟ್ಟು ಕೊಟ್ಟು ನೂಕಿ ಹೊರಟವನು ಹಾಕಿದ ಕೇಕೆಗೆ ನೀರಿನಲ್ಲಿದ್ದ ಎಮ್ಮೆಗಳು ತಲೆ ಎತ್ತಿದವು. ಎಡಕ್ಕೊಂದು ಏಟು, ಬಲಕ್ಕೊಂದು ಏಟು, ದೋಣಿ ಸರ್ರನೆ ಓಡಿತು. ಅವನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ತಡೆಯಲಿಲ್ಲ, ಯಾಕೆ ತಡೆಯಬೇಕು!

ತಿರುಗಿ ಬಂದು, ಹಾಗೆಯೇ ಅಂಗೈ ಊರಿ ಹೊರಬಂದು ಮರಳ ಮೇಲೆ ಕೂತ. ಯಾರೂ ಅವನನ್ನು ಮುಟ್ಟಲಿಲ್ಲ.

"ಈಗ ನೀ ಹತ್ತು," ಎಂದ ಸಾವಕ್ಕನಿಗೆ.

"ಅಯ್ಯ, ನಾ ಬಿದ್ರ ಹೆಂಗ್ರಿ?"

"ನಾ ಹಿಡದೇನಿ."

ಎರಡೂ ಕೈಯಿಂದ ಬಳೆಯನ್ನು ಗಟ್ಟಿಯಾಗಿ ಹಿಡಿದ. ಸಾವಕ್ಕ ಸೀರೆ ಎತ್ತಿ ಕಟ್ಟಿ, ಗಂಡನ ಹೆಗಲ ಮೇಲೆ ಭಾರ ಹಾಕಿ ದೋಣಿಯೊಳಗೆ ಕಾಲಿಟ್ಟಳು.