ಕೆಂಪು ಚುಕ್ಕೆಯ ಎರಡನೇ ಚೆಂಡು

ರತ್ನಕ್ಕ, ಆ ಚೆಂಡನ್ನು ಹುಲ್ಲಿನಲ್ಲಿ ಹಾಕಿದವಳು ನಾನು. ನೀನಲ್ಲ. ಆರು ವರ್ಷ ಬಾಯಿಗೆ ಬಾರದ ಮಾತು ಇಷ್ಟೇ — ಬರೆದರೆ ಒಂದು ಸಾಲೂ ಆಗಲಿಲ್ಲ, ಥೂ.

ದೇವನಹಳ್ಳಿ ಕಡೆಯ ಗಾಲ್ಫ್ ಮೈದಾನದಲ್ಲಿ ನಾವಿಬ್ಬರೂ ಆಟಗಾರರ ಚೀಲ ಹೊರುತ್ತಿದ್ದೆವು. ನನ್ನನ್ನು ಆ ಕೆಲಸಕ್ಕೆ ಸೇರಿಸಿದವಳೇ ನೀನು. ವರ್ಷಕ್ಕೊಂದು ದಿನ ನಮ್ಮಂಥ ಕ್ಯಾಡಿಗಳಿಗೇ ಜೋಡಿ ಪಂದ್ಯ. ಇಬ್ಬರಿಗೂ ಒಂದೇ ಚೆಂಡು. ಒಂದು ಹೊಡೆತ ನನ್ನದು, ಮುಂದಿನದು ನಿನ್ನದು. ನಾನು ಕೆಡಿಸಿದ್ದನ್ನು ನೀನು ಸರಿಮಾಡಬೇಕು. ಅವತ್ತೆಲ್ಲ ನೀನು ಅದನ್ನೇ ಮಾಡಿದೆ, ಒಮ್ಮೆಯೂ ಮುಖ ಗಂಟಿಕ್ಕಿಕೊಳ್ಳದೆ.

ಕೊನೆಯ ಹೋಲ್‌ಗೆ ಬಂದಾಗ ಒಂದೇ ಹೊಡೆತ ಮುಂದಿದ್ದೆವು. ಮೊದಲ ಹೊಡೆತ ನನ್ನದು — ಚೆಂಡು ಎತ್ತರದ ಹುಲ್ಲಿಗೆ ಹೋಯಿತು. ಸಿಗದಿದ್ದರೆ ದಂಡ, ಮತ್ತೆ ಮೊದಲು ಹೊಡೆದ ಜಾಗದಿಂದಲೇ ಆಟ, ಸೋತಂತೆಯೇ. ನಮ್ಮ ಚೆಂಡಿಗೆ ಇದ್ದ ಗುರುತಿನಂತೆಯೇ ಬೆಳಿಗ್ಗೆ ನಾನೇ ಕೆಂಪು ಚುಕ್ಕೆ ಇಟ್ಟ ಇನ್ನೊಂದು ಚೆಂಡು ಜೇಬಿನಲ್ಲಿತ್ತು. ನೀನು ಬಗ್ಗಿ ಹುಡುಕುತ್ತಿದ್ದೆ. ನಿನ್ನ ಬೆನ್ನ ಹಿಂದೆ ಅದನ್ನು ಬಿಟ್ಟುಬಿಟ್ಟೆ.

"ಸಿಕ್ತು ಕಣೇ ಸುಜಾತಾ!" ನೀನು ಕೂಗಿದ್ದು ಇವತ್ತಿಗೂ ಕಿವಿಯಲ್ಲಿದೆ. ಎಷ್ಟು ಖುಷಿ ನಿನಗೆ.

ನೀನು ಚೆನ್ನಾಗಿಯೇ ಹೊಡೆದೆ. ಗೆದ್ದೆವು ಎನ್ನುವಷ್ಟರಲ್ಲಿ ಎದುರು ಜೋಡಿಯವರು ಹುಲ್ಲಿನಿಂದ ಇನ್ನೊಂದು ಚೆಂಡು ಎತ್ತಿ ಹಿಡಿದರು. ಅದರ ಮೇಲೂ ಕೆಂಪು ಚುಕ್ಕೆ.

"ಯಾರಿಗಮ್ಮ ಸಿಕ್ಕಿದ್ದು?" ಮೇಲ್ವಿಚಾರಕರು ಕೇಳಿದರು.

"ನಂಗೇ ಸಾರ್" ಎಂದು ನೀನು ನನ್ನ ಕಡೆ ನೋಡಿದೆ. ನಾನು — ನಾನು ಬಗ್ಗಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದೆ. ಕಟ್ಟಿದ್ದ ಲೇಸನ್ನೇ.

ನಿನಗೆ ಗೊತ್ತಾಯಿತು. ಆದರೂ ನೀನು, "ಸಿಕ್ಕಿದ್ದು ನಂಗೆ, ಅವಳನ್ನ ಯಾಕ್ ಕೇಳ್ತೀರಾ? ನಂದೇ ತಪ್ಪು ಅಂತ ಬರ್ಕೊಳ್ಳಿ" ಎಂದುಬಿಟ್ಟೆ.

ಮೋಸ ಮಾಡುವ ಕ್ಯಾಡಿಯನ್ನು ಯಾವ ಆಟಗಾರ ಕರೆದಾನು? ತಿಂಗಳೊಳಗೆ ನೀನು ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್ ಬಸ್ ಹತ್ತಿದೆ. ಅಲ್ಲೇ ಹತ್ತಿರದ ನಿನ್ನೂರು ಮಧುರೆಯ ಬೀದಿಯಲ್ಲೂ ನಿನ್ನನ್ನು ಮೋಸಗಾತಿ ಎಂದರು. ನಾನು ಕೇಳಿಸಿಕೊಂಡು ಹೌದೆಂದು ತಲೆಯಾಡಿಸಿದೆ, ಅಕ್ಕ. ಇದು ನಿನಗೆ ಗೊತ್ತಿರಲಾರದು.

ಹೆದರಿದ್ದೆ ಎನ್ನಬಹುದು. ಆ ಒಂದು ದಿನ ಹೆದರಿದ್ದೆ, ನಿಜ. ಉಳಿದ ಆರು ವರ್ಷ... ನನಗೆ ಅನುಕೂಲವಾಗಿತ್ತು, ಅಷ್ಟೇ.

ನಿನ್ನೆ ಮೇಲ್ವಿಚಾರಕರಿಗೂ ಕ್ಯಾಡಿಗಳಿಗೂ ಎಲ್ಲ ಹೇಳಿದೆ. ಇನ್ನು ಕೆಲಸಕ್ಕೆ ಬರಬೇಡ ಎಂದರು. ಭಾನುವಾರ ಮಧುರೆಗೆ ಬರುತ್ತೇನೆ. ನೀನು ಬಾಗಿಲು ತೆಗೆಯಬೇಕೆಂದಿಲ್ಲ. ಹೊರಗೆ ನಿಂತೇ ಹೇಳುತ್ತೇನೆ — ಬೀದಿಗೆಲ್ಲ ಕೇಳುವ ಹಾಗೆ.