ಒಳಗುಳಿದ ಒಂದು ಮೊಟ್ಟೆ

ನಾನು ಗಲ್ಫಿನ ರೂವಿ ಪೇಟೆಯ ಹಲ್ಲಿನ ಕ್ಲಿನಿಕ್ ಒಂದರಲ್ಲಿ ರಿಸೆಪ್ಷನಿಸ್ಟ್. ನಮ್ಮಲ್ಲಿನ ಫಿಲಿಪೀನ್ಸ್‌ನ ನರ್ಸ್ ತಾಯಿಯ ಆಪರೇಷನ್ನಿಗೆಂದು ಊರಿಗೆ ಹೊರಟಾಗ, ತಾನು ಸಾಕಿದ್ದ ಹಾವನ್ನು ಮೂರು ತಿಂಗಳು ನೋಡಿಕೊಳ್ಳುವವರು ಸಿಗದೆ ಅಳುತ್ತ ಕೂತಿದ್ದಳು. ಅದನ್ನು ನಾನು ಮನೆಯಲ್ಲಿ ಹೇಳಿದ್ದೇ ತಡ, ಒಂಬತ್ತನೇ ಕ್ಲಾಸಿನ ಮಗಳು ಹಟ ಹಿಡಿದಳು. ಆ ವಾರವೇ ಗಾಜಿನ ಪೆಟ್ಟಿಗೆ ಅವಳ ಕೋಣೆಗೆ ಬಂತು. ಒಳಗೆ ಕಿತ್ತಳೆ ಬಣ್ಣದ, ವಿಷವಿಲ್ಲದ ಹೆಣ್ಣು ಹಾವು.

ಅತ್ತೆ ಆಗ ವಿಸಿಟ್ ವೀಸಾದಲ್ಲಿ ಉಡುಪಿ ಕಡೆಯಿಂದ ಬಂದಿದ್ದರು. ನಾಗನಿಗೆ ತಂಬಿಲದ ಪೂಜೆ ಕೊಡುವ ಮನೆತನ ಅವರದು. ದೂರದಿಂದಲೇ ಕೈಮುಗಿದು, "ಇದನ್ನೆಲ್ಲ ಪೆಟ್ಟಿಗೆಯಲ್ಲಿ ಇಡುವುದಾ? ನನಗೆ ಸರಿ ಕಾಣುವುದಿಲ್ಲ ಮಾರಾಯ್ತಿ" ಎಂದವರು ಆಮೇಲೆ ಆ ಕೋಣೆಗೆ ಕಾಲಿಡಲಿಲ್ಲ.

ಮೂರು ವಾರ ಕಳೆದಿರಬೇಕು. ಬೆಳಿಗ್ಗೆ ಮಗಳು ಕಿರುಚಿದಳು: "ಅಮ್ಮಾ, ಎಗ್ಸ್!"

ಒಂದಕ್ಕೊಂದು ಅಂಟಿಕೊಂಡ ಏಳು ಉದ್ದನೆಯ ಬಿಳಿ ಮೊಟ್ಟೆಗಳು. ಫೋನಿನಲ್ಲಿ ನರ್ಸ್‌ಗೂ ಗಾಬರಿ. ಅವಳು ಹಾವನ್ನು ಕೊಂಡು ಎರಡು ತಿಂಗಳಾಗಿತ್ತಷ್ಟೆ. ಅಂಗಡಿಯಲ್ಲೇ ಗಂಡಿನ ಜೊತೆ ಇದ್ದಿರಬೇಕು ಎಂದಳು. ನಾನು ಮೊಟ್ಟೆಗೆ ಕೈಹಾಕಲು ಹೋದರೆ ಮಗಳು ತಡೆದಳು.

"ಡೋಂಟ್ ಟರ್ನ್ ದೆಮ್! ತಿರುಗಿಸಿದ್ರೆ ಮರಿ ಸಾಯ್ತದೆ."

ಮೇಲ್ಭಾಗ ಯಾವುದೆಂದು ಅವಳೇ ಪೆನ್ಸಿಲ್ಲಿನಿಂದ ಗುರುತು ಹಾಕಿದಳು. ಬಾಲ್ಕನಿ ಗಿಡಗಳಿಗೆ ತಂದಿಟ್ಟಿದ್ದ ತೆಂಗಿನ ನಾರಿನ ಪುಡಿಯನ್ನು ಒದ್ದೆ ಮಾಡಿ ಡಬ್ಬಿಯಲ್ಲಿ ಹಾಸಿ, ಮೊಟ್ಟೆಗಳನ್ನು ಇದ್ದ ಹಾಗೆಯೇ ಇಟ್ಟೆವು. ಎಸಿ ಇಲ್ಲದ ಸ್ಟೋರ್ ರೂಮಿನಲ್ಲಿ ಸಾಕಷ್ಟು ಬೆಚ್ಚಗಿತ್ತು.

ಗದ್ದಲ ಕೇಳಿ ಬಾಗಿಲಿಗೆ ಬಂದ ಅತ್ತೆ ಹಾವನ್ನೇ ನೋಡುತ್ತ ನಿಂತರು. ಬದುಕಿಡೀ ದನ ಸಾಕಿದವರು.

"ಬಾಲದ ಹತ್ತಿರ ಉಬ್ಬು ಉಂಟು ನೋಡು. ಇನ್ನೊಂದು ಒಳಗೇ ಉಳಿದಿದೆ."

ಎರಡು ದಿನ ಕಾದೆವು. ಉಬ್ಬು ಇಳಿಯಲಿಲ್ಲ. ಮೂರನೆಯ ದಿನ ಹಾವು ತಲೆಯನ್ನೂ ಎತ್ತಲಿಲ್ಲ. ಗಂಡ ದುಕ್ಮ್‌ನ ಕಟ್ಟಡದ ಸೈಟಿನಲ್ಲಿ, ಬಹಳ ದೂರ. ನಾನು ರಜೆ ಹಾಕಿ, ಹಾವನ್ನು ತಲೆದಿಂಬಿನ ಚೀಲಕ್ಕೆ ಇಳಿಸಿ ಟ್ಯಾಕ್ಸಿ ಕರೆದೆ. ಅತ್ತೆ ಚಪ್ಪಲಿ ಮೆಟ್ಟಿ ಹಿಂದೆಯೇ ಬಂದರು. ಟ್ಯಾಕ್ಸಿಯಲ್ಲಿ ಕೂತದ್ದೇ ಚೀಲವನ್ನು ನನ್ನ ಕೈಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡು ಸೆರಗು ಹೊದಿಸಿದರು.

"ಎಸಿ ಕಡಿಮೆ ಮಾಡ್ಲಿಕ್ಕೆ ಹೇಳು ಅವನಿಗೆ. ಬಾಣಂತಿ ಅಲ್ವಾ ಇದು."

ಪ್ರಾಣಿಗಳ ಡಾಕ್ಟರು ಸುಡಾನಿನ ಹೆಂಗಸು. ಸೂಜಿಯಿಂದ ಒಳಗಿನ ಮೊಟ್ಟೆಯ ದ್ರವ ಎಳೆದು ಅದನ್ನು ಕುಗ್ಗಿಸಿದರು. "ಇನ್ನು ತಾನಾಗಿ ಬರಬೇಕು. ನಾಳೆಯವರೆಗೆ ಬಾರದಿದ್ದರೆ ಆಪರೇಷನ್" ಎಂದರು. ಬದುಕುತ್ತದೆ ಎಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ನರ್ಸ್ ಅಲ್ಲಿ ತಾಯಿಯ ಹಾಸಿಗೆಯ ಪಕ್ಕದಲ್ಲಿದ್ದಾಳೆ. ಅವಳಿಗೆ ಹೇಗೆ ಹೇಳುವುದು ಎಂಬುದೇ ದಿನವಿಡೀ ನನ್ನ ತಲೆಯಲ್ಲಿ.

ಮರುದಿನ ಬೆಳಿಗ್ಗೆ ನೋಡಿದರೆ ಪೆಟ್ಟಿಗೆಯ ಮೂಲೆಯಲ್ಲಿ ಸುಕ್ಕುಗಟ್ಟಿದ, ಹಳದಿಗಟ್ಟಿದ ಮೊಟ್ಟೆ. ಹಾವು ಬಟ್ಟಲಿಗೆ ಬಾಯಿಟ್ಟು ನೀರು ಕುಡಿಯುತ್ತಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

"ಬಂತಾ?" ಅಡುಗೆಮನೆಯಿಂದ ಅತ್ತೆ.

"ಬಂತು ಅತ್ತೆ."

ಅವರು ಸೆರಗಿಗೆ ಕೈ ಒರೆಸಿಕೊಂಡರು. ಬಂದು ನನ್ನ ಪಕ್ಕದಲ್ಲೇ ಕೂತರು, ಆ ಕೋಣೆಯಲ್ಲಿ, ಬಹಳ ಹೊತ್ತು. ಫೋನ್ ಮಾಡಿದಾಗ ಡಾಕ್ಟರು ನಕ್ಕರು: "ಖಲಾಸ್ ಮದಾಮ್, ಕಷ್ಟ ಮುಗಿಯಿತು, ಇನ್ನು ಹೆದರಬೇಡಿ."

ಹತ್ತು ದಿನದ ಮೇಲೆ ಹಾವು ಮೊದಲ ಸಲ ತಿಂದಿತು. ಏಳರಲ್ಲಿ ಎರಡು ಮೊಟ್ಟೆಗೆ ಬೂಸಲು ಹಿಡಿಯಿತು. ಉಳಿದ ಐದು, ಅತ್ತೆ ಊರಿಗೆ ಮರಳಿದ ಮೇಲೆ, ಒಂದೊಂದಾಗಿ ಸೀಳಿಕೊಂಡವು. ಪೆನ್ಸಿಲ್ಲಿನಷ್ಟೂ ದಪ್ಪವಿಲ್ಲದ ಮರಿಗಳು ಮೂಗು ಹೊರಹಾಕಿ ಅರ್ಧ ದಿನ ಹಾಗೇ ಕೂತಿದ್ದವು.

ನರ್ಸ್ ಬಂದಳು. ಅವಳ ತಾಯಿಯೂ ಚೇತರಿಸಿಕೊಂಡಿದ್ದರು. ಹಾವನ್ನು ತೋಳಿಗೆ ಸುತ್ತಿಕೊಂಡು ಮರಿಗಳನ್ನು ಎರಡೆರಡು ಸಲ ಎಣಿಸಿದಳು. ಅವಳು ನಂಬಿ ಬಿಟ್ಟುಹೋದ ಜೀವವನ್ನು ಜೀವವಾಗಿಯೇ ಒಪ್ಪಿಸಿದೆನಲ್ಲ ಎಂಬ ನೆಮ್ಮದಿಗೆ, ಮರುದಿನ ಕ್ಲಿನಿಕ್ಕಿನಲ್ಲಿ ಹಲ್ಲುನೋವಿನಿಂದ ಬಂದವರನ್ನೂ ನಾನು ನಗುನಗುತ್ತಲೇ ಮಾತಾಡಿಸಿದೆನಂತೆ.