ಮಡಿಲಿಂದ ಮಡಿಲಿಗೆ ಹೋಗದ ಮಗು

ನನಗೆ ಮೊಮ್ಮಗಳು ಹುಟ್ಟಿದ್ದಳು! ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ಅಂದು ತೊಟ್ಟಿಲು ಕಟ್ಟಿದ್ದೆವು. ತಲೆತುಂಬ ಕರೀ ಕೂದಲು, ಗುಂಡು ಮೂಗು, ಹಿಡಿದರೆ ಬಿಡದ ಬೆರಳು. ಎಷ್ಟು ಹೇಳಿದರೂ ನನಗೆ ಸಾಲದು.

ಆದರೂ ಬೆಳಗಿನಿಂದ ಬಾಗಿಲ ಕಡೆಗೇ ನನ್ನ ಕಣ್ಣು. ಮಗಳ ಮೊದಲ ಗಂಡುಮಗುವನ್ನೂ ಹೀಗೇ ತೊಟ್ಟಿಲಿಗೆ ಹಾಕಿದ್ದೆವು. ಚಿಂತಾಮಣಿ, ಚಿಕ್ಕಬಳ್ಳಾಪುರದ ನೆಂಟರೆಲ್ಲ ಮಡಿಲಿಂದ ಮಡಿಲಿಗೆ ದಾಟಿಸಿ ಮುದ್ದಿಟ್ಟರು. ಮುತ್ತು ಕೊಡದೆ ಹೋದರೆ ಮನಸ್ಸಿನಲ್ಲೇನೋ ಕಹಿ ಇದೆ ಅಂತಲೇ ನಮ್ಮಲ್ಲಿ ಅರ್ಥ. ಅವರಲ್ಲಿ ಯಾರಿಗೋ ಕೆಮ್ಮಿತ್ತು. ಆಮೇಲೆ ಮಗುವಿಗೆ ನಾಯಿಕೆಮ್ಮು ಹತ್ತಿತು. ಕೆಮ್ಮಿ ಕೆಮ್ಮಿ ನೀಲಿಯಾಗಿ, ಉಸಿರೆಳೆಯಲಾರದೆ, ನನ್ನ ತೊಡೆಯ ಮೇಲೇ ಹೋಯಿತು.

ಈ ಸಲ ಆಸ್ಪತ್ರೆಯ ನರ್ಸಮ್ಮ, ಕೆಮ್ಮುವವರನ್ನು ದೂರವಿಡಿ, ಹತ್ತಿರ ಬರುವವರು ಮೂಗು ಬಾಯಿಗೆ ಬಟ್ಟೆ ಕಟ್ಟಲಿ ಎಂದಿದ್ದಳು. ಹಳೇ ಪಂಚೆ ಹರಿದು, ಕುದಿಸಿ, ಒಣಗಿಸಿ ಇಟ್ಟಿದ್ದೆ.

ಮಧ್ಯಾಹ್ನ ತೊಂಡೇಬಾವಿಯಿಂದ ಬೀಗಿತ್ತಿ ಬಂದರು, ಮಗಳ ಅತ್ತೆ. ಹೊಸಿಲಲ್ಲೇ ಕೆಮ್ಮಿದರು. ನಾನು ಬಟ್ಟೆ ಚಾಚಿದೆ.

"ಏಮಮ್ಮಾ ಇದಿ, ಏನಿದು? ನಾನೇನು ರೇಷ್ಮೆ ನೂಲು ತೆಗಿಯಕ್ಕೆ ಬಂದಿದೀನಾ, ಬೆಂದ ಹುಳದ ನಾತಕ್ಕೆ ಮೂಗು ಕಟ್ಕೊಳಕ್ಕೆ? ನನ್ನ ಮೊಮ್ಮಗಳು ನಾರ್ತಾಳಾ?"

"ಅಕ್ಕಾ, ಕೈ ಮುಗೀತೀನಿ. ಇಲ್ಲಿಂದ್ಲೇ ನೋಡಿ."

"ದೂರ ನಿಂತು ನೋಡಕ್ಕೆ ಅದೇನು ದೇವ್ರಾ? ಇರ್ಲಿ ಬಿಡಮ್ಮ. ಸೊಸೆ ನಮ್ಮನೇಗೆ ಬರ್ಬೇಕಲ್ಲ, ಆಗ ನೋಡ್ಕೊಳಣ."

ಒಳಗಿನಿಂದ ಮಗಳು ಅಳುತ್ತಾ, "ಕೊಟ್ಬಿಡಮ್ಮ, ಒಂದೇ ಸಲ. ನಾನು ಅಲ್ಲಿ ಬಾಳ್ಬೇಕು ಕಣಮ್ಮ" ಅಂದಳು.

ನಾನು ಬಾಗಿಲು ಬಿಡಲಿಲ್ಲ. ಬಿಟ್ಟರೆ ಮಗು, ಬಿಡದಿದ್ದರೆ ಮಗಳು. ಯಾರನ್ನು ಉಳಿಸಿಕೊಳ್ಳಲಿ? ಈ ಬಟ್ಟೆ ಕಾಯುತ್ತದೋ ಇಲ್ಲವೋ, ಅದೂ ನನಗೆ ಗೊತ್ತಿರಲಿಲ್ಲ. ಮನೆತುಂಬ ಜನ, ಎಷ್ಟು ಬಾಯಿಗೆ ಕಟ್ಟಲಿ, ಎಷ್ಟು ದಿನ ಕಟ್ಟಲಿ? ಬೀಗಿತ್ತಿ ಬಟ್ಟೆ ಕಟ್ಟಲೂ ಇಲ್ಲ, ಒಳಗೆ ಬರಲೂ ಇಲ್ಲ. ಜಗಲಿಯಲ್ಲೇ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನನಗೆ ಅವರ ಕಾಲು ಹಿಡಿಯುವ ಹಾಗಾಯಿತು, ಆದರೂ ಕದಲಲಿಲ್ಲ.

ಸಂಜೆ ನಡುಮನೆಯಲ್ಲಿ ಎಲ್ಲರೂ ಒಂದೇ ಸಾಲಿಗೆ ಊಟಕ್ಕೆ ಕೂತೆವು. ನನ್ನ ಗಂಡ ಬೇಡಿಕೊಂಡ ಮೇಲೆ ಬೀಗಿತ್ತಿಯೂ ಬಂದು ನನ್ನ ಪಕ್ಕದಲ್ಲಿ ಕೂತರು. ಕೂತಲ್ಲಿಂದಲೇ ನಾನು ಒಬ್ಬಟ್ಟು ಬಡಿಸಲು ಹೋದರೆ ಎಲೆಗೆ ಕೈ ಅಡ್ಡ ಹಿಡಿದರು. ಆಗ ಕೋಣೆಯಲ್ಲಿ ಮಗು ಸೀನಿತು. ಎತ್ತಿದ ತುತ್ತು ಅವರ ಬಾಯಿಯ ಹತ್ತಿರವೇ ನಿಂತಿತು. ನನ್ನ ಮುಖ ನೋಡಿದರು. ಇನ್ನೊಂದು ಸೀನು ಬಂದೀತೇನೋ ಅಂತ ಇಬ್ಬರೂ ಕಿವಿಗೊಟ್ಟು ಉಂಡೆವು.